ತಾಮ್ರದ ಹೊಳಪು ಬಲ್ಲ ಮಾಬುಸಾಬರು

ಕುಡಿಯಲು ಚಹಾ ಕೊಟ್ಟರೆ ಮಾಬುಸಾಬರು ಮೊದಲು ಲೋಟವನ್ನು ಬಾಗಿಲ ಬೆಳಕಿಗೆ ಹಿಡಿದು ಅರ್ಧ ಸುತ್ತು ತಿರುಗಿಸುತ್ತಿದ್ದರು. ಲೋಟ ಸರಿಯಾಗಿ ತೊಳೆದಿಲ್ಲವೆಂದು ಹೀಗೆ ನೋಡುತ್ತಾರೆಂದುಕೊಂಡು ಹೋಟೆಲಿನವನು ಒಂದೆರಡು ಸಲ ಮುನಿಸಿಕೊಂಡದ್ದೂ ಉಂಟು. ಅವರು ನೋಡುತ್ತಿದ್ದುದು ಅದನ್ನಲ್ಲ. ಸ್ಟೀಲಿನ ಮೈಮೇಲೆ ಬೆಳಕು ಎಲ್ಲಿ ಕೂತಿದೆ, ಲೋಟ ತಿರುಗಿಸಿದರೆ ಅದು ಜೊತೆಗೆ ತಿರುಗುತ್ತದೋ ಇದ್ದಲ್ಲೇ ಇರುತ್ತದೋ, ಕೆಳಗೆ ಮೇಜಿನ ಬಣ್ಣ ಲೋಟಕ್ಕೆ ಎಷ್ಟು ಹತ್ತಿದೆ, ಇದನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅಷ್ಟರಲ್ಲಿ ಚಹಾ ಆರಿರುತ್ತಿತ್ತು. ಆರಿದ್ದನ್ನೇ ಒಂದೇ ಗುಟುಕಿಗೆ ಮುಗಿಸಿ, ಮೀಸೆ ಒರೆಸಿಕೊಂಡು, ಬೇರೆ ಮಾತಿಗೆ ತೊಡಗುತ್ತಿದ್ದರು.

ಅವರ ಬಗ್ಗೆ ಬರೆಯಲು ನನಗಿಂತ ಒಳ್ಳೆಯ ಮನಸ್ಸಿನವರು ಸಿಗಬಹುದಿತ್ತು. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಅವರ ಜೊತೆ ಕೆಲಸ ಮಾಡಿದ ನಾನು, ಆ ನಾಲ್ಕು ವರ್ಷವೂ ಅವರನ್ನು ಕಂಡು ಹೊಟ್ಟೆಕಿಚ್ಚು ಪಟ್ಟವನು. ಆದರೆ ಹೊಟ್ಟೆಕಿಚ್ಚು ಪಟ್ಟವನು ನೋಡಿದಷ್ಟು ಹತ್ತಿರದಿಂದ ಇನ್ನೊಬ್ಬರು ನೋಡಿರಲಿಕ್ಕಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಸುಮಾರು. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚನ್ನಬಸಣ್ಣ ಎಂಬವರ ವಿಡಿಯೋ ಮಿಕ್ಸಿಂಗ್ ಲ್ಯಾಬಿತ್ತು. ರೋಣ, ನರಗುಂದ, ಗಜೇಂದ್ರಗಡದ ಫೋಟೋಗ್ರಾಫರುಗಳು ಮದುವೆಯ ಕ್ಯಾಸೆಟ್ಟು ತಂದುಕೊಟ್ಟರೆ ನಾವು ಬೇಡದ್ದನ್ನು ಕತ್ತರಿಸಿ, ಹಾಡು ಸೇರಿಸಿ, ಮೊದಲಿಗೆ ವಧೂವರರ ಹೆಸರಿನ ಟೈಟಲ್ ಹಾಕಿ ಸಿಡಿ ಮಾಡಿಕೊಡುತ್ತಿದ್ದೆವು. ನಾನು ಹುಬ್ಬಳ್ಳಿಯಲ್ಲಿ ಒಂದು ವರ್ಷ ಕಂಪ್ಯೂಟರ್ ಕೋರ್ಸ್ ಮಾಡಿ ಬಂದಿದ್ದೆ. ತ್ರೀಡಿ ಟೈಟಲ್ ಮಾಡಬಲ್ಲವನು ಈ ಮೂರು ಊರಿನಲ್ಲಿ ನಾನೊಬ್ಬನೇ. ಎಲ್ಲರೂ ನನಗೆ 'ಪ್ರಭು ಮಾಸ್ತರ' ಎನ್ನುತ್ತಿದ್ದರು. ಆಗ ನನಗೆ ಇಪ್ಪತ್ತನಾಲ್ಕು ವರ್ಷ.

ನನ್ನ ಹೆಸರುವಾಸಿ ಟೈಟಲ್ ಎಂದರೆ ತಿರುಗುವ ತಾಮ್ರದ ಕಲಶ. ಕಂಪ್ಯೂಟರಿನಲ್ಲಿ ಕಲಶ ಮಾಡುವುದೆಂದರೆ ಮೊದಲು ಬೋಳು ಆಕಾರ ಕಟ್ಟಬೇಕು. ಅದರ ಮೈಗೆ ತಾಮ್ರದ ಚಿತ್ರವೊಂದನ್ನು ಬಟ್ಟೆ ಹೊದಿಸಿದಂತೆ ಹೊದಿಸಬೇಕು. ಇದಕ್ಕೆ ಟೆಕ್ಸ್ಚರ್ ಎನ್ನುತ್ತೇವೆ. ಆಮೇಲೆ ಅದರ ಎದುರು ದೀಪ ಇಡಬೇಕು. ಆಗ ಪರದೆಯ ಒಂದೊಂದು ಚುಕ್ಕಿ, ಅಂದರೆ ಪಿಕ್ಸೆಲ್, ಎಷ್ಟು ಬೆಳಗಬೇಕೆಂದು ಯಂತ್ರ ಲೆಕ್ಕ ಹಾಕುತ್ತದೆ. ಸೊನ್ನೆ ಎಂದರೆ ಕಗ್ಗಪ್ಪು, ಇನ್ನೂರೈವತ್ತೈದು ಎಂದರೆ ಅಚ್ಚ ಬಿಳುಪು. ಜನರಿಗೆ ಹೊಳಪು ಬೇಕೆಂದು ನಾನು ಎಲ್ಲ ಅಂಕಿಯನ್ನೂ ಏರಿಸಿಡುತ್ತಿದ್ದೆ. ನನ್ನ ಕಲಶ ಝಗಝಗ ಎನ್ನುತ್ತಿತ್ತು. ನೋಡಿದವರು ತಲೆದೂಗುತ್ತಿದ್ದರು.

ಮಾಬುಸಾಬರು ಗಜೇಂದ್ರಗಡದವರು, ಕಲಾಯಿ ಮಾಡುವ ಮನೆತನ. ತಾಮ್ರದ, ಹಿತ್ತಾಳೆಯ ಪಾತ್ರೆ ಕಾಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ತಿಕ್ಕಿ ಒಳಮೈ ಬೆಳ್ಳಗೆ ಮಾಡುವ ಕೆಲಸ. ಮನೆಮನೆಗೂ ಸ್ಟೀಲು ಬಂದ ಮೇಲೆ ಕಲಾಯಿ ಕೇಳುವವರು ಕಡಿಮೆಯಾದರು. ಅವರು ಮದುವೆಗಳಲ್ಲಿ ವಿಡಿಯೋದವರಿಗೆ ದೊಡ್ಡ ಲೈಟು ಹಿಡಿಯುವ ಕೆಲಸಕ್ಕೆ ಸೇರಿದರು. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಆದರೆ ಲೈಟು ಹಿಡಿಯುವವರಿಗೆ ಯಾರೂ ಬಹುವಚನ ಬಳಸುತ್ತಿರಲಿಲ್ಲ, ನಾನೂ ಬಳಸಲಿಲ್ಲ. ಈಗ ಬರೆಯುವಾಗ 'ಅವರು' ಎಂದು ಬರುತ್ತಿದೆ. ಆಗ ಬಾಯಲ್ಲಿ ಬಂದದ್ದು 'ಅವ, ಇವ' ಅಷ್ಟೇ.

ಒಂದು ದಿನ ಮಧ್ಯಾಹ್ನ ಕ್ಯಾಸೆಟ್ಟು ಕೊಡಲು ಬಂದ ಮಾಬುಸಾಬರು ನನ್ನ ಹಿಂದೆ ನಿಂತು ಕಲಶ ತಿರುಗುವುದನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಮಾಸ್ತರ, ಇದು ತಾಮ್ರದ್ದೇನ್ರಿ?" ಎಂದು ಕೇಳಿದರು.

"ಮತ್ತೇನು ಕಾಣಸ್ತೈತಿ ನಿನಗ?"

"ಸಿಟ್ಟ ಆಗಬ್ಯಾಡ್ರಿ. ತಾಮ್ರದ ಬಣ್ಣಾ ಬಳದ ಪ್ಲಾಸ್ಟಿಕ್ ಕಂಡಂಗ ಕಾಣಸ್ತೈತಿ."

ಲ್ಯಾಬಿನ ಮಾಲೀಕ ಚನ್ನಬಸಣ್ಣ ಅಲ್ಲೇ ಇದ್ದರು. ನಗಲೂ ಇಲ್ಲ, ಗದರಲೂ ಇಲ್ಲ. "ಯಾಕ ಹಂಗ ಅಂತಿ?" ಎಂದರು.

"ಹೊಳಪು ಬೆಳ್ಳಗೈತ್ರಿ ಅಣ್ಣಾರ. ಪ್ಲಾಸ್ಟಿಕಿಂದು ಹೊಳಪು ಬೆಳ್ಳಗಿರ್ತೈತಿ, ಬಣ್ಣಾ ಯಾವ್ದರ ಇರ್ಲಿ. ತಾಮ್ರಂದು ಹಂಗಲ್ಲ. ತಾಮ್ರದ ಮ್ಯಾಲ ಬಿದ್ದ ಬೆಳಕು ಕೆಂಪಾಗೇ ತಿರುಗಿ ಬರ್ತೈತಿ. ಕಲಾಯಿ ಮಾಡಿದ ಮ್ಯಾಲ ಅದ ಪಾತ್ರಿ ಬೆಳ್ಳಗ ಹೊಳೀತೈತಿ. ಪಾತ್ರಿ ಬದಲಾಗಿಲ್ಲ, ಹೊಳಪು ಬದಲಾತು."

ನಾನು, "ಇದು ಕಂಪ್ಯೂಟರ್. ಇದರಾಗ ಹಂಗೆಲ್ಲಾ ಇರಂಗಿಲ್ಲ" ಎಂದೆ. ಅವರು "ಇರಬಹುದ್ರಿ" ಎಂದು ಹೊರಟುಹೋದರು.

ಅವರ ಬೆನ್ನು ಓಣಿಯ ತಿರುವು ದಾಟುವವರೆಗೆ ಕಾದೆ. ಹೊಳಪಿನ ಬಣ್ಣ ಎಂಬ ಚೌಕವೊಂದು ತಂತ್ರಾಂಶದಲ್ಲಿ ಇದ್ದೇ ಇತ್ತು. ನಾನು ಅದನ್ನು ಮುಟ್ಟಿರಲಿಲ್ಲ, ಬಿಳಿಯಾಗಿಯೇ ಬಿಟ್ಟಿದ್ದೆ. ಅದನ್ನು ಕೆಂಪು ಕಿತ್ತಳೆಗೆ ತಿರುಗಿಸಿದೆ. ಪರದೆಯ ಮೇಲೆ ತಾಮ್ರ ಬಂತು. ಎರಡು ವರ್ಷ ನಾನು ಪ್ಲಾಸ್ಟಿಕ್ಕಿನ ಕಲಶ ತಿರುಗಿಸಿ ಮಾಸ್ತರನಾಗಿದ್ದೆ ಎಂಬುದು ಆ ಕ್ಷಣಕ್ಕೆ ಅರ್ಥವಾಯಿತು. ಅದು ನನ್ನೊಳಗೆ ಕಲಿತ ಖುಷಿಯಾಗಲಿಲ್ಲ, ಮುಳ್ಳಾಯಿತು. ಮುಂದಿನ ಸಿಡಿ ನೋಡಿ ಚನ್ನಬಸಣ್ಣ, "ಮಾಬುಸಾಬ ಅಂದದ್ದು ಖರೇ ಐತಿ ನೋಡು" ಎಂದಾಗ, "ಇಲ್ರಿ, ನಾ ಮೊದಲ ಮಾಡಬೇಕಂತಿದ್ದೆ" ಎಂದೆ.

ತಿಂಗಳೊಳಗೆ ಚನ್ನಬಸಣ್ಣ ಮಾಬುಸಾಬರನ್ನು ಲೈಟು ಬಿಡಿಸಿ ಲ್ಯಾಬಿಗೆ ಕರೆದುಕೊಂಡರು. ನನಗೆ, "ಇವನಿಗೆ ಕಲಸು" ಎಂದರು.

ಕಲಿಸಿದೆ, ಬೇಕಾದದ್ದನ್ನು ಬಿಟ್ಟು ಕಲಿಸಿದೆ. ಮಾಬುಸಾಬರು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವರು. ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಪರದೆಯ ಪಟ್ಟಿಗಳನ್ನು ಎಣಿಸಿಕೊಂಡು ನೆನಪಿಡುತ್ತಿದ್ದರು: ಮೂರನೇ ಪಟ್ಟಿ, ಆರನೇ ಸಾಲು. ಬಾಯಲ್ಲಿ ಗುಣಗುಣ ಎಣಿಸುತ್ತ, ತೋರುಬೆರಳಿನಿಂದ ಗಾಳಿಯಲ್ಲಿ ಮುಟ್ಟುತ್ತ ಕೆಳಗಿಳಿಯುತ್ತಿದ್ದರು. ಇನ್ನೂರೈವತ್ತೈದರ ಲೆಕ್ಕ ನಾನು ವಿವರಿಸಿದಾಗ ಅವರು ಅದನ್ನು ಒಂದೇ ಮಾತಿಗೆ ಹಿಡಿದರು.

"ಅಂದ್ರ ಅದು ಕಂಠರಿ. ಕಂಠದ ಮಟ ತುಂಬಿದ ಮ್ಯಾಲ ಎಷ್ಟ ಸುರುವಿದ್ರೂ ಚೆಲ್ಲೂದ. ನಿಮ್ಮ ಕಲಶದಾಗ ಭಾಳ ಚೆಲ್ಲೇತ್ರಿ."

ಖರೆಯೇ. ನನ್ನ ಕಲಶದ ಅರ್ಧ ಹೊಟ್ಟೆ ಇನ್ನೂರೈವತ್ತೈದಕ್ಕೆ ಹೋಗಿ ಕೂತು ಚಿತ್ರವೇ ಅಳಿಸಿ ಬರಿ ಬಿಳಿ ಕಲೆಯಾಗಿತ್ತು. ಟಿವಿಯಲ್ಲಿ ಹಾಕಿದರೆ ಆ ಕಲೆ ಇನ್ನೂ ಉಬ್ಬುತ್ತಿತ್ತು. ಅವರು ಎಲ್ಲ ಚುಕ್ಕಿಯನ್ನೂ ಇನ್ನೂರಾ ಮೂವತ್ತರ ಕೆಳಗೆ ಇಳಿಸಿದರು. ಗಿರಾಕಿಗಳು ಹೊಳಪು ಸಾಲದು ಎಂದಾರು ಎಂದು ನಾನು ಕಾದೆ. ಯಾರೂ ಅನ್ನಲಿಲ್ಲ. ನರಗುಂದದ ಒಬ್ಬ ಫೋಟೋಗ್ರಾಫರ್, "ಇದು ಖರೇ ಕಲಶ ಶೂಟಿಂಗ್ ಮಾಡಿದ್ದೇನ್ರಿ?" ಎಂದು ಕೇಳಿದ. ಚನ್ನಬಸಣ್ಣ ನನ್ನ ಕಡೆ ನೋಡದೆ ಮಾಬುಸಾಬರ ಕಡೆ ಕೈ ತೋರಿಸಿದರು.

ಇನ್ನೊಂದು ದಿನ ಮಾಬುಸಾಬರು ಕೇಳಿದರು:

"ಮಾಸ್ತರ, ಹೊಳಪು ಎಲ್ಲಾ ಕಡೆ ಒಂದ ಸಮ ಬರ್ತೈತ್ರಿ. ಬಳಸಿದ ಪಾತ್ರಿ ಹಂಗಿರಂಗಿಲ್ಲ. ಕೈ ಹಿಡಿಯೂ ಕಡೆ ತಿಕ್ಕಿ ತಿಕ್ಕಿ ಹೊಳೀತಿರ್ತೈತಿ, ಕಂಠದ ಸಂದ್ಯಾಗ ಮಂಕಿರ್ತೈತಿ. ಹಂಗ ಬ್ಯಾರೆ ಬ್ಯಾರೆ ಮಾಡಾಕ ಬರಂಗಿಲ್ಲೇನ್ರಿ?"

ಬರುತ್ತಿತ್ತು. ಮೈಗೆ ಹೊದಿಸುವ ಚಿತ್ರದಂತೆಯೇ ಹೊಳಪಿಗೂ ಒಂದು ಕಪ್ಪುಬಿಳುಪು ಚಿತ್ರ ಕೊಡಬಹುದು. ಬಿಳಿ ಇದ್ದಲ್ಲಿ ಹೊಳೆಯುತ್ತದೆ, ಕಪ್ಪಿದ್ದಲ್ಲಿ ಸುಮ್ಮನಿರುತ್ತದೆ. ಕೋರ್ಸಿನಲ್ಲಿ ನಮಗೆ ಹೇಳಿದ್ದರು. ನಾನು ಬಳಸಿರಲಿಲ್ಲ, ಆದರೆ ಗೊತ್ತಿತ್ತು.

"ಬರಂಗಿಲ್ಲ" ಎಂದೆ.

ಎಂಟು ದಿನ ಅವರು ಊಟದ ಬಿಡುವಿನಲ್ಲಿ ಒಂದೊಂದೇ ಸಾಲು ಎಣಿಸಿ ಒತ್ತಿ ನೋಡಿದರು. ಒಂಬತ್ತನೆಯ ದಿನ ನಾನು ಮನೆಯಿಂದ ಉಂಡು ಬರುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು. ಮುಖ ಅರಳಿತ್ತು. ನನ್ನ ಕೈ ಹಿಡಿದು ಕುರ್ಚಿಯವರೆಗೆ ಕರೆದೊಯ್ದು, "ಸಿಕ್ತ್ರಿ ಮಾಸ್ತರ. ಏಳನೇ ಸಾಲಿನ್ಯಾಗ ಇತ್ತು. ನಿಮಗೂ ಯಾರೂ ಹೇಳಿದ್ದಿಲ್ಲ ಕಾಣಸ್ತೈತಿ, ಬರ್ರಿ ತೋರಸ್ತೇನಿ" ಎಂದರು. ನಾನು ಮುಚ್ಚಿಟ್ಟದ್ದನ್ನು ಅವರು ಹುಡುಕಿ, ನನಗೆ ಗೊತ್ತಿಲ್ಲವೆಂದು ನಂಬಿ, ಒಂದು ತಾಸು ಕೂತು ನನಗೇ ಕಲಿಸಿದರು. ನಾನು ಹೂಂ ಹೂಂ ಎನ್ನುತ್ತ ಕಲಿತೆ. ಆ ಒಂದು ತಾಸಿನಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ನನ್ನ ಅವ್ವ ಹಿತ್ತಾಳೆಯ ತಪೇಲಿಗಳನ್ನು ಇನ್ನೂ ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಮಾಬುಸಾಬರು ಬಂದು ಹಿತ್ತಲಲ್ಲಿ ತಿದಿ ಹೂಡಿ ಕಲಾಯಿ ಮಾಡಿಕೊಡುತ್ತಿದ್ದರು. ಅವ್ವ ಕಟ್ಟೆಯ ಮೇಲೆ ಕೂತು ಅವರ ಜೊತೆ ಮಾತಿಗಿಳಿದರೆ ಒಲೆಯ ಮೇಲಿನ ಸಾರು ನೆನಪಾಗುತ್ತಿರಲಿಲ್ಲ. "ನಮ್ಮ ಪ್ರಭು ಹ್ಯಾಂಗ ಮಾಡ್ತಾನಪಾ ಕೆಲಸಾ?" ಎಂದು ಕೇಳಿದ್ದಳಂತೆ. ಅವರು, "ಭಾಳ ಶಾಣ್ಯಾ ಅದಾರ್ರಿ ಅವ್ವಾರ. ಓದು ಬಲ್ಲವರು. ನನಗ ಅವರ ಕಲಿಸಿದ್ದು" ಎಂದರಂತೆ. ಆ ಸಂಜೆ ಅವ್ವ ನನಗೆ ರೊಟ್ಟಿ ಬಡಿಸುತ್ತ, "ಎಷ್ಟ ತಿಳುವಳಿಕಿ ಅವಂಗ. ಅವನ ಹತ್ರ ಒಂದೀಟ ಕೇಳಿ ಕಲ್ಕೋ" ಎಂದಳು. ನಾನು ಎರಡನೇ ರೊಟ್ಟಿ ಬೇಡವೆಂದು ಎದ್ದೆ.

ಅವರು ಟೆಕ್ಸ್ಚರಿಗೆಂದು ಪಾತ್ರೆಯ ಫೋಟೋ ತೆಗೆಯುವ ರೀತಿಯೂ ಬೇರೆ. ನಾನು ಬಿಸಿಲಲ್ಲಿಟ್ಟು ತೆಗೆಯುತ್ತಿದ್ದೆ. ಅವರು ಓಣಿಯಲ್ಲಿ ಬಿಳಿ ಪಂಚೆ ಕಟ್ಟಿಸಿ ಅದರ ನೆರಳಲ್ಲಿ ಇಡುತ್ತಿದ್ದರು. ಚನ್ನಬಸಣ್ಣ ಯಾಕೆಂದು ಕೇಳಿದ್ದಕ್ಕೆ, "ಬಿಸಲಾಗ ತಗದ ಫೋಟೋದಾಗ ಆಗ್ಲೇ ಒಂದು ಸೂರ್ಯಾ ಇರ್ತೈತ್ರಿ. ಅದರ ಮ್ಯಾಲ ಕಂಪ್ಯೂಟರಿನ್ಯಾಗ ನಾವು ಮತ್ತೊಂದು ಸೂರ್ಯಾ ಹಚ್ತೇವಿ. ಎರಡು ಸೂರ್ಯಾ ಕೂಡಿದ್ರ ಪಾತ್ರಿ ಯಾರ ಮಾತ ಕೇಳಬೇಕು?" ಎಂದರು. ಈ ಮಾತನ್ನು ನಾನು ಆಮೇಲೆ ನರಗುಂದದಲ್ಲಿ ಇಬ್ಬರು ಮೂವರ ಮುಂದೆ ನನ್ನದೇ ಎಂಬಂತೆ ಹೇಳಿದ್ದೇನೆ.

ಹೀಗಿರುವಾಗ ಅಸೂಟಿಯಿಂದ ಫಕೀರಗೌಡರು ಬಂದರು. ಅವರು ಹೊಲಮನೆ ನೋಡಿಕೊಂಡಿದ್ದ ಮೆತ್ತಗಿನ ಮನುಷ್ಯ. ಮಗಳು ನೀಲಾಳ ಮದುವೆ ಮೆಣಸಗಿಯ ಹುಡುಗನ ಜೊತೆ ಆಗಿತ್ತು. ಮದುವೆಗೆ ಏಳೆಂಟು ತಿಂಗಳ ಹಿಂದೆ ನೀಲಾಳ ತಾಯಿ ತೀರಿಕೊಂಡಿದ್ದರು. ಗೌಡರು ಚೀಲದಿಂದ ಒಂದು ತಾಮ್ರದ ತಂಬಿಗೆ ತೆಗೆದು ಮೇಜಿನ ಮೇಲಿಟ್ಟರು.

"ತೀರಕೊಂಡಾಕಿ ಫೋಟೋ ಮದುವಿ ಸಿಡಿಯೊಳಗ ಬ್ಯಾಡ ಅಂತಾರ್ರಿ ನಮ್ಮ ಹಿರ್ಯಾರು. ಮಗಳು ಒಪ್ಪವಲ್ಲಳು. ಅವ್ವ ಇಲ್ಲದ ಸಿಡಿ ನನಗ ಬ್ಯಾಡ ಅಂತ ಕುಂತಾಳ. ಇದು ಆಕಿ ಅವ್ವನ ತಂಬಿಗಿ. ದಿನಾ ಹಾಲು ಇದರಾಗ ತರ್ತಿದ್ಲು. ಹೆಸರು ಬರೂ ಮುಂದ ಇದನ್ನ ತಿರುಗಸಾಕ ಬರ್ತೈತೇನ್ರಿ?"

ನಾನು ಬರುತ್ತದೆ ಎನ್ನುವ ಮೊದಲೇ ಮಾಬುಸಾಬರು ತಂಬಿಗೆ ಎತ್ತಿಕೊಂಡಿದ್ದರು. ಒಳಗೆ ಕೈ ಹಾಕಿ ಬೆರಳಾಡಿಸಿದರು. "ಇದು ನಾ ಮಾಡಿದ ಕಲಾಯಿರಿ ಗೌಡ್ರ" ಎಂದರು. "ಅಸೂಟಿಗೆ ವರ್ಷಾ ಬರ್ತಿದ್ದೆ. ಅವ್ವಾರು ನಿಂತು ಮಾಡಿಸ್ಕೊಂತಿದ್ರು." ಗೌಡರು ಪೇಟದ ತುದಿಯಿಂದ ಕಣ್ಣೊರೆಸಿಕೊಂಡರು.

ಆ ತಂಬಿಗೆ ಸುಲಭದ್ದಲ್ಲ. ಹೊರಮೈ ತಾಮ್ರ, ಒಳಗೆ ಕಲಾಯಿ. ಕಂಠದಲ್ಲಿ ಒಳಗಿನ ಬಿಳಿ ಒಂದು ಎಳೆಯಷ್ಟು ಹೊರಗೆ ಇಣುಕಿತ್ತು. ಹೊಟ್ಟೆಯ ಮೇಲೆ ಒಂದು ಕಡೆ ನೆಗ್ಗಿತ್ತು. ಬೆರಳು ಹಿಡಿದ ಜಾಗಗಳಲ್ಲಿ ಸವೆದು ನಯವಾಗಿತ್ತು. ಮಾಬುಸಾಬರು ಇಪ್ಪತ್ತು ದಿನ ಅದಕ್ಕೆ ಕೊಟ್ಟರು. ಹೊಟ್ಟೆಗೆ ಕೆಂಪು ಹೊಳಪು, ಕಂಠಕ್ಕೆ ಬಿಳಿ ಹೊಳಪು, ನೆಗ್ಗಿನ ಒಳಗೆ ಮಂಕು. ಹೊಳಪಿನ ಅಂಕಿ ಹದಿನೆಂಟು. ಅದಕ್ಕಿಂತ ಮೇಲೆ ಒಂದೂ ಏರಿಸಲಿಲ್ಲ. ಮುಗಿದ ದಿನ ಅದು ಪರದೆಯ ಮೇಲೆ ಸಾವಕಾಶ ತಿರುಗಿದಾಗ ಚನ್ನಬಸಣ್ಣ ಎದ್ದು ನಿಂತು ನೋಡಿದರು. ನನಗೂ ಕೈ ಚಾಚಿ ಎತ್ತಿಕೊಳ್ಳಬಹುದು ಅನಿಸಿತು. ಇಂಥದ್ದನ್ನು ನಾನು ಜನ್ಮದಲ್ಲಿ ಮಾಡಲಾರೆ ಎಂದು ಅದೇ ಹೊತ್ತಿಗೆ ಗೊತ್ತಾಯಿತು.

ಭಾನುವಾರ ಅಸೂಟಿಯಲ್ಲಿ ಸಿಡಿ ಹಾಕಿ ತೋರಿಸುವುದೆಂದು ಆಗಿತ್ತು. ತವರಿಗೆ ಬಂದಿದ್ದ ನೀಲಾ ಅಂದೇ ಗಂಡನ ಮನೆಗೆ ಮರಳುವವಳಿದ್ದಳು. ಶುಕ್ರವಾರ ಮಾಬುಸಾಬರು ನಮಾಜಿಗೆಂದು ಮಧ್ಯಾಹ್ನವೇ ಹೊರಟು ಊರಿಗೆ ಹೋದರು. ಚನ್ನಬಸಣ್ಣ ಗದಗಿಗೆ ಹೋಗಿದ್ದರು. ಸಿಡಿ ಬರೆಯುವ ಕೆಲಸ ನನಗೆ ಬಿಟ್ಟಿದ್ದರು.

ನಾನು ಅವರ ಕಡತ ತೆರೆದೆ. ಹೊಳಪಿನ ಕಪ್ಪುಬಿಳುಪು ಚಿತ್ರವನ್ನು ತೆಗೆದುಹಾಕಿದೆ. ಹದಿನೆಂಟರ ಜಾಗದಲ್ಲಿ ತೊಂಬತ್ತು ಒತ್ತಿದೆ. ದೀಪವನ್ನೂ ಏರಿಸಿದೆ. ಯಂತ್ರ ಮತ್ತೆ ಚಿತ್ರ ಕಟ್ಟಿಕೊಡಲು ಮೂರು ತಾಸು ತೆಗೆದುಕೊಂಡಿತು. ಆ ಮೂರು ತಾಸಿನಲ್ಲಿ ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ, ನಿಲ್ಲಿಸಲೂ ಇಲ್ಲ. ಕೈ ತಪ್ಪಿ ಆದದ್ದೆಂದು ನನಗೆ ನಾನೇ ಹೇಳಿಕೊಳ್ಳಲು ಆ ಮೂರು ತಾಸು ಅವಕಾಶ ಕೊಡುವುದಿಲ್ಲ.

ಲ್ಯಾಬಿನಿಂದ ನಾವು ಮೂವರೂ ಹೋದೆವು. ಅಸೂಟಿಯ ಪಡಸಾಲೆಯಲ್ಲಿ ಮೂವತ್ತು ಜನ ಸೇರಿದ್ದರು. ಟಿವಿಯ ಮೇಲಿನ ಹೆಣಿಕೆಯ ವಸ್ತ್ರ ಸರಿಸಿ ಸಿಡಿ ಹಾಕಿದರು. ನೀಲಾ ಎಲ್ಲರಿಗಿಂತ ಮುಂದೆ ಕೂತಿದ್ದಳು. ತಂಬಿಗೆ ಬಂತು. ತಿರುಗುವ ಬಿಳಿ ಬೆಂಕಿಯಂಥದ್ದೇನೋ ಬಂತು. ನೆಗ್ಗು ಕಾಣಲಿಲ್ಲ, ಕಂಠ ಕಾಣಲಿಲ್ಲ, ತಾಮ್ರವೂ ಕಾಣಲಿಲ್ಲ. ಹಿಂದಿನಿಂದ ಯಾರೋ, "ಟ್ಯೂಬ್‌ಲೈಟ್ ಐತೇನಪಾ ಅದು" ಎಂದರು, ಒಬ್ಬಿಬ್ಬರು ನಕ್ಕರು. ನೀಲಾ ತಿರುಗಿ ಅಪ್ಪನ ಮುಖ ನೋಡಿದಳು. "ಅಪ್ಪಾ, ಇದು ಅವ್ವಂದಲ್ಲ" ಎಂದಳು. ಅಳುತ್ತ ಎದ್ದು ಒಳಗೆ ಹೋದಳು.

ಚನ್ನಬಸಣ್ಣರ ಮುಖ ಕಪ್ಪಿಟ್ಟಿತು. "ಏನಿದು ಮಾಬುಸಾಬ?" ಎಂದರು.

ಮಾಬುಸಾಬರು ಟಿವಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತಲ್ಲ. ಗೌಡರ ಕಡೆ ತಿರುಗಿ ಕೈಮುಗಿದರು. "ನನ್ನ ತಪ್ಪ್ರಿ ಗೌಡ್ರ. ಅಂಕಿ ಹೆಚ್ಚುಕಮ್ಮಿ ಆಗೈತಿ. ಎಂಟು ದಿನಾ ಕೊಡ್ರಿ, ಮೆಣಸಗಿಗೆ ನಾನ ಹೋಗಿ ಮಗಳಿಗೆ ತೋರಿಸಿ ಬರ್ತೇನಿ."

ಹೇಳಬೇಕಾಗಿದ್ದ ಒಂದು ಮಾತು ಅಲ್ಲೇ ಇತ್ತು. ನಾನು ಹೇಳಲಿಲ್ಲ.

ಸೋಮವಾರ ಅವರು ಕಡತ ತೆರೆದು, ಎಣಿಸಿ ಎಣಿಸಿ ಕೆಳಗಿಳಿದು, ಎಲ್ಲವನ್ನೂ ಮೊದಲಿನಂತೆ ಕೂರಿಸಿದರು. ನನ್ನನ್ನು ಏನೂ ಕೇಳಲಿಲ್ಲ. ಸಿಡಿಯಾದ ಮೇಲೆ, "ಮಾಸ್ತರ, ನೀವೂ ಬರ್ರಿ ಮೆಣಸಗಿಗೆ" ಎಂದರು. ಒಲ್ಲೆನೆನ್ನಲು ನೆವ ಸಿಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಬದಿ ನನಗೆ ಬಿಟ್ಟುಕೊಟ್ಟರು. ಎರಡೂ ಕಡೆ ಎರೆಹೊಲದಲ್ಲಿ ಕಡಲೆ ಹಸಿರಾಗಿತ್ತು. ಊರು ಇನ್ನೇನು ಬಂತು ಎನ್ನುವಾಗ ಅವರು ಮುಂದಿನ ಸೀಟಿನ ಕಂಬಿ ನೋಡುತ್ತ ಹೇಳಿದರು:

"ತೊಂಬತ್ತು ಇತ್ರಿ ಮಾಸ್ತರ. ತೊಂಬತ್ತು ನಾ ಎಂದೂ ಹಾಕಿದಾಂವಲ್ಲ."

ನಾನು ಹೊರಗೆ ನೋಡಿದೆ.

"ಆ ಹುಡಿಗಿ ಅಳೂದು ಬ್ಯಾಡಾಗಿತ್ತು" ಎಂದರು. ಅಷ್ಟೇ. ಆಮೇಲೆ, "ಇಳೀರಿ, ಊರು ಬಂತು" ಎಂದರು.

ನೀಲಾಳ ಗಂಡನ ಮನೆಯಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ. ಪಕ್ಕದ ಮನೆಯಿಂದ ತಂದರು. ಅತ್ತೆ, ಗಂಡ, ನೆರೆಯ ಹೆಂಗಸರು ಬಾಗಿಲಲ್ಲಿ ನಿಂತರು. ಈ ಸಲ ತಂಬಿಗೆ ಬಂತು. ಕತ್ತಲ ಕಡೆಯಿಂದ ಮೆಲ್ಲಗೆ ತಿರುಗಿತು. ಹೊಟ್ಟೆಯ ಮೇಲೆ ಕೆಂಪು ಬೆಳಕು ಹರಿಯಿತು, ಕಂಠದಲ್ಲಿ ಬಿಳಿಯ ಎಳೆ ಹೊಳೆಯಿತು, ನೆಗ್ಗು ಬಂದಲ್ಲಿ ಬೆಳಕು ತಗ್ಗಿತು. ನೀಲಾ ಎದ್ದುಹೋಗಿ ಟಿವಿಯ ಗಾಜಿನ ಮೇಲೆ ಆ ನೆಗ್ಗಿದ್ದಲ್ಲಿ ಬೆರಳಿಟ್ಟಳು.

"ಇದು ನಾ ಕೆಡವಿದ್ದು. ಸಣ್ಣಾಕಿದ್ದಾಗ. ಅವ್ವ ಭಾಳ ಬೈದಿದ್ಲು" ಎಂದಳು. ಅತ್ತೆಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಗೊತ್ತಾಗಲಿಲ್ಲ. "ಮತ್ತೊಮ್ಮೆ ಹಾಕ್ರಿ" ಎಂದಳು. ಮದುವೆಯ ಭಾಗ ಬರುವ ಮೊದಲೇ ನಾಲ್ಕು ಸಲ ಹಾಕಿಸಿದಳು.

ಹೊರಡುವಾಗ ಅವಳು, "ಇದನ್ನ ಮಾಡಿದವರು ಯಾರ್ರಿ?" ಎಂದು ಕೇಳಿದಳು.

ಮಾಬುಸಾಬರು, "ಇಬ್ರೂ ಕೂಡಿ ಮಾಡೇವಿ ತಂಗಿ" ಎಂದರು.

ಅವರು ನನ್ನ ಹೆಸರು ಹೇಳಿ ಬೈದಿದ್ದರೆ, ಆ ಬಾಗಿಲಲ್ಲಿ ನಿಲ್ಲಿಸಿ ಎಲ್ಲ ಹೇಳಿದ್ದರೆ, ನಾನು ಅವರನ್ನು ಸುಲಭವಾಗಿ ಮರೆಯುತ್ತಿದ್ದೆ. ಕೆಲಸದಲ್ಲಿ ಅವರು ನನಗಿಂತ ಮೇಲೆ ಎಂಬುದು ಗೊತ್ತಿತ್ತು. ಮನುಷ್ಯತನದಲ್ಲೂ ಮೇಲೆ ಎಂದು ಅಂದು ಗೊತ್ತಾಯಿತು. ಮರಳುವ ದಾರಿಯಲ್ಲಿ ನಾನು ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.

ಅದಾದ ಮೇಲೂ ಒಂದು ವರ್ಷ ಜೊತೆಗಿದ್ದೆವು. ಚಹಾ, ನಗು, ಕೆಲಸ ಎಲ್ಲ ಮೊದಲಿನಂತೆಯೇ ಇತ್ತು. ಆಮೇಲೆ ರೆಡಿಮೇಡ್ ಟೈಟಲ್ಲುಗಳ ಸಿಡಿ ಪೇಟೆಗೆ ಬಂದವು. ಹೆಸರು ಬದಲಿಸಿದರೆ ಸಾಕು, ಗುಲಾಬಿ ಉದುರಿ ನಕ್ಷತ್ರ ಸಿಡಿಯುತ್ತಿದ್ದವು. ತಾಮ್ರದ ಕಲಶಕ್ಕೆ ಇಪ್ಪತ್ತು ದಿನ ಕೊಡುವವರು ಯಾರಿಗೂ ಬೇಡವಾದರು. ಚನ್ನಬಸಣ್ಣ ಲ್ಯಾಬನ್ನು ಅರ್ಧಕ್ಕಿಳಿಸಿದರು. ಮಾಬುಸಾಬರು ಗಜೇಂದ್ರಗಡಕ್ಕೆ ಮರಳಿದರು. ನಾನು ನರಗುಂದದಲ್ಲಿ ಸ್ವಂತ ಸ್ಟುಡಿಯೋ ಹಾಕಿದೆ.

ಅವರನ್ನು ಕೊನೆಯ ಸಲ ನೋಡಿದ್ದು ಅದಾಗಿ ಮೂರು ವರ್ಷಕ್ಕೆ. ಅಷ್ಟರಲ್ಲಿ ನಾನು ಲ್ಯಾಪ್‌ಟಾಪ್ ಕೊಂಡಿದ್ದೆ. ಆರು ತಿಂಗಳು ಬಿಡುವಿದ್ದಾಗಲೆಲ್ಲ ಕೂತು ಒಂದು ಹಿತ್ತಾಳೆಯ ಸಮೆ, ಅಂದರೆ ದೀಪದ ಕಂಬ, ಮಾಡಿದ್ದೆ. ನೆರಳಲ್ಲಿ ತೆಗೆದ ಫೋಟೋ, ಹಳದಿ ಹೊಳಪು, ಎಣ್ಣೆ ಹತ್ತಿದ ಕಡೆ ಮಂಕು, ಎಲ್ಲ ಚುಕ್ಕಿಯೂ ಇನ್ನೂರಾ ಮೂವತ್ತರ ಒಳಗೆ. ಯಾವ ಗಿರಾಕಿಯೂ ಅದನ್ನು ಕೇಳಿರಲಿಲ್ಲ. ಅದನ್ನು ಅವರಿಗೆ ತೋರಿಸಬೇಕೆಂದೇ ಮಾಡಿದ್ದೆ. ತೋರಿಸಿ, ಆಮೇಲೆ ಆ ತೊಂಬತ್ತರ ಮಾತು ಆಡಿಬಿಡಬೇಕೆಂದು ಬಸ್ಸು ಹತ್ತಿದೆ.

ಗುಡ್ಡದ ಬುಡದ ಓಣಿಯಲ್ಲಿ ಮನೆಯ ಮುಂದೆಯೇ ಅವರ ಕೆಲಸ ನಡೆದಿತ್ತು. ಮದುವೆ ಅಡುಗೆಯವರ ದೊಡ್ಡ ದೊಡ್ಡ ತಾಮ್ರದ ಹಂಡೆ, ಡೇಗುಗಳು ಸಾಲಾಗಿ ಬಿದ್ದಿದ್ದವು. ಅವುಗಳಿಗೆ ಕಲಾಯಿ ಇನ್ನೂ ಬೇಕಾಗಿತ್ತು. ಜೊತೆಗೆ ಅವರ ತಮ್ಮ ರಾಜೇಸಾಬ ಕೆಲಸ ಮಾಡುತ್ತಿದ್ದರು. ಅವರೂ ನಲವತ್ತರ ಹತ್ತಿರದವರು. ಮಾಬುಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, "ಬರ್ರಿ ಬರ್ರಿ ಮಾಸ್ತರ. ಅವ್ವಾರು ಆರಾಮದಾರಾ?" ಎಂದು ಕಟ್ಟೆಯ ಮೇಲೆ ಜಮಖಾನ ಹಾಸಿದರು.

"ಆರಾಮದಾರ್ರಿ. ನೀವು ಹ್ಯಾಂಗದೀರಿ ಮಾಬಣ್ಣಾರ?" ಎಂದೆ. ನನ್ನ ಬಾಯಲ್ಲಿ ಅವರಿಗೆ ಬಹುವಚನ ಬಂದದ್ದು ಅದೇ ಮೊದಲು. ಅವರು ಗಮನಿಸಿದರೋ ಇಲ್ಲವೋ.

ಲ್ಯಾಪ್‌ಟಾಪ್ ತೆರೆದು ಸಮೆ ತೋರಿಸಿದೆ. ಬಿಸಿಲಿಗೆ ಪರದೆ ಕಾಣದೆಂದು ಅವರೇ ಒಂದು ಗೋಣಿಚೀಲ ಮರೆ ಹಿಡಿದು ತಲೆ ಒಳಗೆ ಹಾಕಿ ನೋಡಿದರು. ಸಮೆ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ಒಂದು ಕಡೆ, ಮೂರನೇ ಸುತ್ತಿನಲ್ಲಿ, ಅವರ ಹುಬ್ಬು ಸಣ್ಣಗೆ ಗಂಟಿಕ್ಕಿತು. ತೋರುಬೆರಳು ಮೇಲೆದ್ದಿತು. ಮತ್ತೆ ಕೆಳಗಿಳಿಯಿತು.

"ಚಲೋ ಆಗೈತ್ರಿ ಮಾಸ್ತರ" ಎಂದರು.

"ಎಲ್ಲಿ ತಪ್ಪೈತಿ ಹೇಳ್ರಿ."

"ತಪ್ಪೇನಿಲ್ರಿ. ಎಲ್ಲಾ ಬರೋಬ್ಬರಿ ಐತಿ."

"ಮಾಬಣ್ಣಾರ, ಅಸೂಟಿ ತಂಬಿಗಿದು..." ಎಂದೆ.

"ಅದು ಆಗಿಹೋದ ಮಾತ್ರಿ" ಎಂದು ಗೋಣಿಚೀಲ ಮಡಚಿದರು. ಸಿಟ್ಟಿನಿಂದ ಹೇಳಲಿಲ್ಲ. ಒಳಗಿನಿಂದ ಚಹಾ ತರಿಸಿಕೊಟ್ಟು, ನರಗುಂದದ ಸ್ಟುಡಿಯೋ ಹೇಗೆ ನಡೆದಿದೆ, ಮದುವೆಯಾದೆನೋ ಇಲ್ಲವೋ ಎಂದು ಎಲ್ಲ ವಿಚಾರಿಸಿದರು. ಹೊರಗಿನಿಂದ ಬಂದವರಿಗೆ ಎಷ್ಟು ಮರ್ಯಾದೆ ಮಾಡಬೇಕೋ ಅಷ್ಟೂ ಮಾಡಿದರು.

ನಾನು ಹೊರಡಲೆಂದು ಚಪ್ಪಲಿ ಮೆಟ್ಟುವಾಗ ಅವರು ಬೆಂಕಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ರಾಜೇಸಾಬ ಆಗಷ್ಟೇ ಮುಗಿಸಿದ್ದ ಡೇಗನ್ನು ಬಿಸಿಲಿಗೆ ಹೊರಳಿಸಿ ನೋಡಿ ತಮ್ಮನಿಗೆ ಗದರಿದರು.

"ಇದೇನೋ ಇದು? ಈ ಮೂಲ್ಯಾಗ ತವರ ಹಿಡದಿಲ್ಲ. ಕಣ್ಣು ಎಲ್ಲಿ ಇಟ್ಟಿದ್ದಿ? ನಿನ್ನೀನೂ ಇದನ್ನ ಹೇಳಿದ್ದೆ. ಮತ್ತ ಕಾಸು, ಮೊದಲಿಂದ ಮಾಡು."

ರಾಜೇಸಾಬ ಮುಖ ಸಿಂಡರಿಸಿಕೊಂಡು ತಿದಿ ಹಿಡಿದರು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಆದರೂ ನಾನು ಓಣಿಯಲ್ಲಿ ನಿಂತು, ಬೈಸಿಕೊಳ್ಳುತ್ತಿದ್ದ ಆ ಮನುಷ್ಯನನ್ನೇ ನೋಡುತ್ತ, ಅವನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.